ಫೆಬ್ರುವರಿ ಮೂವತ್ತರ ಕಬ್ಬು

ಹತ್ತರಗಿಯ ರೈತರೊಬ್ಬರು ಕಬ್ಬಿನ ಗಳವನ್ನು ನನ್ನ ಕೀಬೋರ್ಡಿನ ಮೇಲೆ ಅಡ್ಡಡ್ಡ ಇಟ್ಟರು. ತುದಿಯಲ್ಲಿ ಸೂಲಂಗಿ ಬಿಚ್ಚಿಕೊಂಡಿತ್ತು. ಪರದೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಓಡತೊಡಗಿತು.

“ಇದರ ವಯಸ್ಸ ಎಷ್ಟಂತ ನಿಮ್ಮ ಮಷೀನಿಗೆ ಕೇಳ್ರಿ ಬಾಯಾರ,” ಅಂದರು. “ಜನವರಿ ಐದಕ್ಕ ಹಚ್ಚೇನಿ. ಹೂವ ಬಿಟ್ಟೈತಿ. ಇನ್ನ ಹದಿನೈದ ದಿವಸ ಬಿಟ್ರ ಒಳಗ ಬರೇ ಬೆಂಡು. ನಿಮ್ಮ ಪಟ್ಟಿಯೊಳಗ ನನ್ನ ಹೆಸರ ಎಲ್ಲೈತಿ? ಕಡೀಕ!”

ನಾನು ಗಳವನ್ನು ಎತ್ತಿ ಗೋಡೆಗೆ ಒರಗಿಸಿದೆ. “ನೋಡ್ತೇನ್ರಿ ಕಾಕಾ,” ಅಂದೆ.

“ನೋಡೂದಿದ್ರ ಹೊಲಕ್ಕ ಬಂದ ನೋಡ್ರಿ. ಇಲ್ಲಿ ಕುಂತ ಏನ್ ಕಾಣತೈತಿ?”

ಎರಡು ಸಾವಿರದ ಒಂದು ಮುಗಿದು ಎರಡು ಸಾವಿರದ ಎರಡು ಆರಂಭವಾದ ಹಂಗಾಮು ಅದು. ಒಂದು ಸಕ್ಕರೆ ಕಾರ್ಖಾನೆಯ ಗೋಕಾಕ ಕಚೇರಿಯಲ್ಲಿ ನಾನು ಪ್ರೋಗ್ರಾಂಗಳನ್ನು ಪರೀಕ್ಷಿಸುವವಳಾಗಿ ಕೆಲಸ ಮಾಡುತ್ತಿದ್ದೆ. ಪ್ರತಿ ವಾರ ಕಟಾವಿನ ಪಟ್ಟಿ ಹೊರಬೀಳುತ್ತಿತ್ತು. ಒಂದೇ ಹಂಗಾಮಿನ ಕಬ್ಬಿನಲ್ಲಿ ಮೊದಲು ನಾಟಿಯಾದದ್ದು ಮೊದಲು ಕಡಿಯಬೇಕು, ಕಡಿಯುವ ಗ್ಯಾಂಗುಗಳು ಆ ಕ್ರಮದಲ್ಲೇ ಹೊಲಕ್ಕೆ ಹೋಗಬೇಕು. ಪಟ್ಟಿಯ ಕೊನೆಯ ಹಾಳೆಯಲ್ಲಿ ಪರೀಕ್ಷೆ ಮಾಡಿದವರ ಸಹಿ ಇರಬೇಕೆಂದು ಕಬ್ಬು ಅಧಿಕಾರಿಗಳು ಹಿಂದೊಮ್ಮೆ ನಿಯಮ ಮಾಡಿದ್ದರು. ತಪ್ಪಾದರೆ ಬೈಯಲು ಒಂದು ಹೆಸರು ಬೇಕಾಗಿತ್ತು, ಅಷ್ಟೇ. ಆ ಹಂಗಾಮಿನಲ್ಲಿ ಅದು ನನ್ನ ಹೆಸರು.

ನಾಟಿಯ ತಾರೀಖು ನಾಲ್ಕು ಪ್ರೋಗ್ರಾಂಗಳ ಕೈ ಹಾಯ್ದು ಹೋಗುತ್ತಿತ್ತು. ಮೂಡಲಗಿ ಶಾಖೆಯಲ್ಲಿ ಹಳೆಯ ಫಾಕ್ಸ್‌ಪ್ರೊ, ಹುಕ್ಕೇರಿಯಲ್ಲಿ ಹೊಸದಾಗಿ ಬರೆಸಿದ ಜಾವಾ, ಕಾರ್ಖಾನೆಯ ತೂಕದ ಕಾಟಾದಲ್ಲಿ ಸಿ ಭಾಷೆಯದ್ದು, ಗೋಕಾಕದಲ್ಲಿ ಎಲ್ಲವನ್ನೂ ಸೇರಿಸಿ ಪಟ್ಟಿ ಮಾಡುವ ವಿಷುವಲ್ ಬೇಸಿಕ್. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದವು. ಶಾಖೆಗಳಿಂದ ಫ್ಲಾಪಿಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತಿದ್ದವು. ಫ್ಲಾಪಿಯಲ್ಲಿ ತಾರೀಖು ಬರೀ ಅಕ್ಷರವಾಗಿ ಇರುತ್ತಿತ್ತು: ಎರಡಂಕಿ ದಿನ, ಎರಡಂಕಿ ತಿಂಗಳು, ಎರಡಂಕಿ ವರ್ಷ, ನಡುವೆ ಗೀಟು. ಆ ಅಕ್ಷರಗಳನ್ನು ನಿಜವಾದ ದಿನವಾಗಿ ಮಾಡುವ ಸಲಕರಣೆ ಪ್ರತಿ ಭಾಷೆಯ ಜೊತೆಗೇ ಬರುತ್ತದೆ. ಅದನ್ನು ಲೈಬ್ರರಿ ಅನ್ನುತ್ತೇವೆ. ಬರೆದವರು ಯಾರೂ ಅದರ ಒಳಗೆ ಇಣುಕಿ ನೋಡಿರಲಿಲ್ಲ. ಅಕ್ಷರ ಕೊಟ್ಟರೆ ದಿನ ಕೊಡುತ್ತದೆ ಎಂದು ನಂಬಿದ್ದರು.

ಹತ್ತರಗಿಯ ರೈತರ ಸಾಲನ್ನು ಹುಡುಕಿದೆ. ಫ್ಲಾಪಿಯಲ್ಲಿ 05/01/01 ಎಂದೇ ಇತ್ತು. ಗೋಕಾಕದ ಪ್ರೋಗ್ರಾಂ ಅದನ್ನು ಮೇ ಒಂದು ಎಂದು ಓದಿತ್ತು. ಕಾರಣ ಬೇಗ ಸಿಕ್ಕಿತು. ದೀಪಾವಳಿಯ ಹೊತ್ತಿಗೆ ಆ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಬೇರೆ ಹಾಕಿಸಿದ್ದರು. ಹಾಕಿದವರು ತಾರೀಖಿನ ಸೆಟ್ಟಿಂಗನ್ನು ಅಮೆರಿಕದ ರೀತಿಯಲ್ಲೇ, ತಿಂಗಳು ಮೊದಲು ಬರುವ ಹಾಗೆ, ಬಿಟ್ಟು ಹೋಗಿದ್ದರು. ದಿನ ಹನ್ನೆರಡಕ್ಕಿಂತ ಹೆಚ್ಚಿದ್ದರೆ ವಿಷುವಲ್ ಬೇಸಿಕ್ ತಾನೇ ಅದಲುಬದಲು ಮಾಡಿಕೊಂಡು ಸರಿಯಾಗಿ ಓದುತ್ತಿತ್ತು, ಕಡಿಮೆಯಿದ್ದರೆ ತಪ್ಪಾಗಿ. ಅರ್ಧ ಸರಿ, ಅರ್ಧ ತಪ್ಪು. ಪೂರ್ತಿ ತಪ್ಪಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಸೆಟ್ಟಿಂಗ್ ಸರಿಪಡಿಸಿದೆ. ಒಂದು ಕಡತದಲ್ಲಿ ಪರೀಕ್ಷೆಯ ತಾರೀಖುಗಳನ್ನು ಬರೆದೆ: ತಿಂಗಳ ಮೊದಲ ದಿನಗಳು, ಕೊನೆಯ ದಿನಗಳು, ಅಧಿಕ ವರ್ಷದ ಫೆಬ್ರುವರಿ ಇಪ್ಪತ್ತೊಂಬತ್ತು, ದಿನ ತಿಂಗಳು ವರ್ಷ ಮೂರೂ ಹನ್ನೆರಡರೊಳಗೆ ಇರುವವು. ನನ್ನ ಮೇಜಿನ ಕಂಪ್ಯೂಟರಿಗೆ ನಾಲ್ಕೂ ಭಾಷೆಗಳನ್ನು ಹಾಕಿಕೊಂಡು, ಒಂದೇ ಕಡತವನ್ನು ನಾಲ್ಕರಿಂದಲೂ ಓದಿಸಿ, ವರ್ಷವನ್ನು ನಾಲ್ಕಂಕಿಯಲ್ಲಿ ಬರೆಸಿ, ಉತ್ತರಗಳನ್ನು ಸಾಲಿಗೆ ಸಾಲು ಹೋಲಿಸಿದೆ. ನಾಲ್ಕೂ ಒಂದೇ ಹೇಳಿದವು. ಹೊಸ ಪಟ್ಟಿ ಬಂತು. ಸಹಿ ಹಾಕಿದೆ.

ಮುಂದಿನ ವಾರ ಹತ್ತರಗಿಯ ರೈತರು ಮತ್ತೆ ಬಂದರು. ಈ ಸಲ ಗಳ ತಂದಿರಲಿಲ್ಲ. ಜೊತೆಗೆ ಊರಿನ ಐದಾರು ಜನ ಇದ್ದರು.

“ಮ್ಯಾಲ ಏರೇನಿ, ಖರೆ,” ಅಂದರು. “ಆದ್ರ ನನ್ನ ಮ್ಯಾಲ ಕುಂತಾರಲ್ಲ ಮೂಡಲಗಿಯವರು, ಅವರು ಇಳದಿಲ್ಲ. ಗ್ಯಾಂಗ್ ಎಲ್ಲಾ ಅಲ್ಲೇ ಅದಾವು. ಅವರೇನು ನನಗಿಂತ ಮೊದಲ ಹಚ್ಚ್ಯಾರೇನು?”

ಜೊತೆಯವರೊಬ್ಬರು ನಕ್ಕರು. “ಮ್ಯಾಲ ಹತ್ತೂದಕ್ಕ ಮೂಡಲಗಿಯೊಳಗ ಬ್ಯಾರೆ ನಿಚ್ಚಣಿಕಿ ಐತೇಳು. ಬಾಯಾರಿಗೆ ಗೊತ್ತಿರತೈತಿ.”

ಅದು ಲಂಚದ ಮಾತೆಂದು ಎಲ್ಲರಿಗೂ ತಿಳಿಯಿತು, ನನಗೂ. ನಮ್ಮ ವಿಭಾಗದ ಮುಖ್ಯಸ್ಥರು ಗಾಜಿನ ಕೋಣೆಯಿಂದ ಕೇಳಿಸಿಕೊಂಡರು. ರೈತರು ಹೋದ ಮೇಲೆ ಹೊರಗೆ ಬಂದು, “ನಿಮ್ಮ ಸಹಿ ಆದ ಮ್ಯಾಲ ಮತ್ತ ಯಾಕ ಬಂದ್ರು?” ಎಂದು ನನ್ನನ್ನೇ ಕೇಳಿದರು.

ಪಟ್ಟಿಯ ಮೇಲ್ಭಾಗ ನೋಡಿದೆ. ಮೂಡಲಗಿ, ಕಲ್ಲೋಳಿ ಕಡೆಯ ಹೊಲಗಳು ಒಂದರ ಕೆಳಗೊಂದು ಇದ್ದವು. ಎಲ್ಲದರ ಮುಂದೆಯೂ ಒಂದೇ ತಾರೀಖು: 01/02/30. ಮುದ್ರಣದಲ್ಲಿ ವರ್ಷಕ್ಕೆ ಎರಡೇ ಅಂಕಿಯ ಜಾಗವಿತ್ತು. ಕಂಪ್ಯೂಟರಿನ ಕಾಗದದಲ್ಲಿ ತಾರೀಖು ಹಿಂದುಮುಂದಾಗಿ ಬರುವುದನ್ನು ಎಲ್ಲರೂ ಕಂಡಿದ್ದರು. ಹಾಗಾಗಿ ಈ ಮೂರು ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿಕೊಂಡು ಮುಂದೆ ಹೋಗಿರಬೇಕು. ನಾಲ್ಕಂಕಿಯಲ್ಲಿ ಬರೆಸಿದೆ. ಸಾವಿರದ ಒಂಬೈನೂರ ಮೂವತ್ತು, ಫೆಬ್ರುವರಿ ಒಂದು.

ಫ್ಲಾಪಿ ತೆರೆದೆ. ಅಲ್ಲಿ ಇದ್ದದ್ದು 30/02/01.

ಒಂದೆರಡು ಇದ್ದಿದ್ದರೆ ಬೆರಳು ತಪ್ಪಿದ್ದು ಎನ್ನಬಹುದಾಗಿತ್ತು. ಫೆಬ್ರುವರಿ ಮೂವತ್ತು ಪುಟದ ತುಂಬ ಇತ್ತು. ಹಿಂದಿನ ಹಂಗಾಮುಗಳ ಫ್ಲಾಪಿ ತೆಗೆದರೆ ಅವುಗಳಲ್ಲೂ ಇತ್ತು. ಆದರೆ ಆಗ ವರ್ಷ 99, ಆಮೇಲೆ 00. ತೊಂಬತ್ತೊಂಬತ್ತನೇ ದಿನ ಇಲ್ಲ, ಸೊನ್ನೆಯ ದಿನವೂ ಇಲ್ಲ. ಎಲ್ಲಿಂದ ಓದಿದರೂ ದಿನ ಹುಟ್ಟದೆ ಪ್ರೋಗ್ರಾಂ ತಪ್ಪೆಂದು ಹೇಳುತ್ತಿತ್ತು, ಯಾರೋ ಕೈಯಿಂದ ತಿದ್ದುತ್ತಿದ್ದರು. ವರ್ಷ 01 ಆದ ಕೂಡಲೇ ಅದಕ್ಕೆ ದಾರಿ ಸಿಕ್ಕಿತು. ದಿನ ಮೊದಲಿಟ್ಟು ಓದಿತು, ಆಗಲಿಲ್ಲ. ತಿಂಗಳು ಮೊದಲಿಟ್ಟಿತು, ಆಗಲಿಲ್ಲ. ವರ್ಷ ಮೊದಲಿಟ್ಟಿತು, ಆಯಿತು. ಯಾರಿಗೂ ಒಂದು ಮಾತು ಹೇಳಲಿಲ್ಲ. ಎರಡು ಸಾವಿರ ಇಸವಿ ಬರುವಾಗ ಕಂಪ್ಯೂಟರುಗಳಿಗೆ ಏನಾಗುವುದೋ ಎಂದು ಕಾದು ಕುಳಿತಿದ್ದ ಕಚೇರಿ ಇದು. ಏನೂ ಆಗಲಿಲ್ಲವೆಂದು ಪೇಡೆ ಹಂಚಿದ್ದರು.

ಮರುದಿನ ಮೂಡಲಗಿಗೆ ಹೋದೆ. ಶಾಖೆಯ ಗುಮಾಸ್ತರು ವ್ಯಾಪಾರದ ಮನೆತನದವರು. ಅಂಗಡಿಯ ಗದ್ದುಗೆಯಲ್ಲಿ ಕೂತಂತೆಯೇ ಕಂಪ್ಯೂಟರಿನ ಮುಂದೆ ಕಾಲು ಮಡಿಚಿ ಕೂತಿದ್ದರು. ಕುರ್ಚಿ ತೋರಿಸಲಿಲ್ಲ. ನಾನು ನಿಂತೇ ಕೇಳಿದೆ.

“ಫೆಬ್ರುವರಿ ಮೂವತ್ತು ಅಂತ ಯಾಕ ಹಾಕೀರಿ?”

“ತಿಂಗಳ ಕಡೀಕ ನಾಟಿ ಮುಗದೈತಿ. ಅದಕ್ಕ ಮೂವತ್ತು.”

“ಫೆಬ್ರುವರಿಗೆ ಮೂವತ್ತು ಇಲ್ರೀ.”

ಅವರು ಪಕ್ಕದ ಟೇಬಲ್ಲಿನವರ ಕಡೆ ತಿರುಗಿದರು. “ಕೇಳಿದ್ರೇನು? ಯುನಿವರ್ಸಿಟಿಯಿಂದ ಸುದ್ದಿ ಬಂದೈತಿ.” ಮತ್ತೆ ನನಗೆ: “ಮೇಡಂ, ನಮ್ಮ ಕಡೆ ತಿಂಗಳಂದ್ರ ಮೂವತ್ತ ದಿವಸ. ಬಡ್ಡಿ ಹಂಗ ಹಾಕ್ತೇವಿ, ಪಗಾರ ಹಂಗ ಮುರೀತೇವಿ, ಲಾವಣಿಗೆ ಕೊಟ್ಟ ಹೊಲದ ಬಾಡಿಗಿ ಲೆಕ್ಕ ಹಂಗ. ನಮ್ಮ ಅಜ್ಜನೂ ಹಂಗ ಮಾಡ್ಯಾನ. ಫೆಬ್ರುವರಿಗೆ ಎರಡ ದಿವಸ ಕಡಿಮಿ ಅಂತ ಯಾರರ ಬಡ್ಡಿ ಬಿಟ್ಟಾರೇನ್ರಿ?”

“ಇದು ಬಡ್ಡಿ ಅಲ್ಲರಿ, ಕಬ್ಬು.”

“ಕಬ್ಬಿಗೆ ಕ್ಯಾಲೆಂಡರ್ ಓದಾಕ ಬರತೈತೇನು?”

ವಾದ ಮಾಡಲಿಲ್ಲ. ಅವರು ಹೇಳಿದ್ದರಲ್ಲಿ ಮೋಸವಿರಲಿಲ್ಲ, ಅದು ನನಗೆ ಗೊತ್ತಾಯಿತು. ಒಂದು ಹೊಲದ ನಾಟಿ ಒಂದೇ ದಿನ ಮುಗಿಯುವುದಿಲ್ಲ. ನೀರು, ಆಳು, ಬೀಜದ ಕಬ್ಬು ನೋಡಿಕೊಂಡು ಎಳೆಯುತ್ತದೆ. ಹೊಲ ತಿರುಗಿ ಬಂದ ಸಿಬ್ಬಂದಿ ‘ತಿಂಗಳ ಕಡೀಕ’ ಎಂದು ಹೇಳುತ್ತಾರೆ, ಇವರು ಮೂವತ್ತು ಒತ್ತುತ್ತಾರೆ. ಅವರ ಫಾಕ್ಸ್‌ಪ್ರೊ ಅದನ್ನು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತಿದ್ದುದರಿಂದ ಎಂದೂ ತಡೆದಿರಲಿಲ್ಲ. ಆದರೆ ತಮ್ಮ ಊರಿನ ಹೊಲಗಳು ಪಟ್ಟಿಯ ನೆತ್ತಿಗೆ ಹತ್ತಿದ್ದನ್ನು ಅವರು ನೋಡಿದ್ದರು, ನೋಡಿ ಸುಮ್ಮನಿದ್ದರು. ಯಾಕೆಂದು ಕೇಳಿದೆ.

“ನಮ್ಮ ಸರತಿ ಮೊದಲ ಬಂತು ಅಂತ ಯಾರರ ತಕರಾರ ಮಾಡ್ತಾರೇನ್ರಿ?” ಎಂದು ನಕ್ಕರು.

ಗೋಕಾಕಕ್ಕೆ ಮರಳಿ, ನನ್ನ ಕಡತಕ್ಕೆ ಇಲ್ಲದ ದಿನಗಳನ್ನು ಸೇರಿಸಿದೆ. ಏಪ್ರಿಲ್ ಮೂವತ್ತೊಂದು, ಸಾಮಾನ್ಯ ವರ್ಷದ ಫೆಬ್ರುವರಿ ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ನಾಲ್ಕು ಭಾಷೆಗಳ ಒಪ್ಪಂದ ಅಲ್ಲಿಗೆ ಮುರಿಯಿತು. 30/02/01 ಕೊಟ್ಟರೆ ಫಾಕ್ಸ್‌ಪ್ರೊ ಖಾಲಿ ತಾರೀಖು ಕೊಟ್ಟಿತು. ಸಿ ಮತ್ತು ಜಾವಾ ಫೆಬ್ರುವರಿ ದಾಟಿ ಎಣಿಸಿಕೊಂಡು ಮಾರ್ಚ್ ಎರಡಕ್ಕೆ ನಿಂತವು. ವಿಷುವಲ್ ಬೇಸಿಕ್ ಎಪ್ಪತ್ತು ವರ್ಷ ಹಿಂದೆ ಹೋಯಿತು. ಒಂದೂ ತಪ್ಪು ಎಂದು ಕೂಗಲಿಲ್ಲ. ನಾನು ಹೆಚ್ಚು ಸಿಟ್ಟಾದದ್ದು ವಿಷುವಲ್ ಬೇಸಿಕ್ ಮೇಲಲ್ಲ, ಮಾರ್ಚ್ ಎರಡರ ಮೇಲೆ. ಅದು ನಂಬುವ ಹಾಗಿತ್ತು. ಮುಂದೆ ಗೋಕಾಕಕ್ಕೂ ಜಾವಾ ತರುವ ಯೋಚನೆ ನಡೆದಿತ್ತು. ತಂದಿದ್ದರೆ ಪಟ್ಟಿ ಸುಳ್ಳು ಹೇಳುತ್ತಲೇ ಇರುತ್ತಿತ್ತು, ಕೇಳುವವರೂ ಇರುತ್ತಿರಲಿಲ್ಲ.

ಮುಖ್ಯಸ್ಥರಿಗೆ ಉತ್ತರಗಳನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇಪ್ಪತ್ತೆಂಟ ಮಾಡಿಬಿಡ್ರಿ. ಮೂವತ್ತ ಬಂದ್ರ ಇಪ್ಪತ್ತೆಂಟು. ಮುಂದಿನ ಪಟ್ಟಿಯಿಂದ ಸರಿ ಆಗತೈತಿ.”

“ಈ ವಾರದ್ದು?”

“ಈ ವಾರದ್ದು ಇದ್ದಂಗ ಹೋಗ್ಲಿ. ಗ್ಯಾಂಗಿನವರು ಮೂಡಲಗಿಯೊಳಗ ಬಿಡಾರ ಹಾಕ್ಯಾರ. ಗಾಡಿ, ಎತ್ತು, ಹೆಂಡ್ರು ಮಕ್ಕಳು. ಅವರನ್ನ ಎಬ್ಬಿಸಿ ಹತ್ತರಗಿಗೆ ಕಳಸೂದಂದ್ರ ಸಣ್ಣ ಮಾತಲ್ಲ. ಅಲ್ಲಿ ಯಾರ್ಯಾರ ಹೊಲ ಅದಾವು ನೋಡೀರೇನು? ಸಹಿ ಮಾಡ್ರಿ.”

“ಮಾಡಂಗಿಲ್ರೀ.”

ನಾನು ಆ ಕಚೇರಿಯಲ್ಲಿ ಹೆಚ್ಚು ಮಾತಾಡಿದವಳಲ್ಲ. ಊಟದ ಡಬ್ಬಿಯನ್ನೂ ಒಬ್ಬಳೇ ಕೂತು ಬಿಚ್ಚುತ್ತಿದ್ದೆ. ಆ ಒಂದು ಶಬ್ದಕ್ಕೆ ಪಕ್ಕದ ಮೇಜಿನವರ ಟೈಪಿಂಗ್ ನಿಂತಿತು.

“ಸಹಿ ಇಲ್ಲಂದ್ರ ಪಟ್ಟಿ ಹೋಗಂಗಿಲ್ಲ. ಪಟ್ಟಿ ಇಲ್ಲಂದ್ರ ಕಬ್ಬ ಬರಂಗಿಲ್ಲ,” ಮುಖ್ಯಸ್ಥರು ಅಂದರು.

“ಗೊತ್ತೈತ್ರಿ.”

ಅವರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ಗ್ಯಾಂಗಿನ ಮುಖಂಡರು ಫೋನಿನಲ್ಲಿ ಮರಾಠಿಯಲ್ಲಿ ಬೈದರು. ಸಾಗಾಣಿಕೆಯವರು ಬಂದು ನನ್ನ ಮೇಜಿನ ಮುಂದೆ ನಿಂತು, ನನ್ನ ಬಗ್ಗೆಯೇ ಒಬ್ಬರಿಗೊಬ್ಬರು ಮಾತಾಡಿಕೊಂಡರು. “ಇಕಿನ ಏನು?” “ಹ್ಞೂಂ, ಇಕಿನ. ಮಾತಾಡಂಗಿಲ್ಲಂತ, ಬರೇ ಕೆಲಸ ನಿಂದರಸತಾಳಂತ.” ಚಹಾ ತರುವವರು ಅಂದು ನನ್ನ ಮೇಜನ್ನು ಬಿಟ್ಟು ಹೋದರು. ನಾನು ನನ್ನ ಕಡತವನ್ನು ಮತ್ತೊಮ್ಮೆ ನಾಲ್ಕರಿಂದಲೂ ಓದಿಸಿದೆ. ಉತ್ತರ ಬದಲಾಗಲಿಲ್ಲ.

ಸಂಜೆಯಾಗುವ ಮೊದಲೇ ಕಬ್ಬು ಅಧಿಕಾರಿಗಳು ಬಂದರು. ಜೀಪಿನಲ್ಲಿ ಮೂಡಲಗಿಯ ಗುಮಾಸ್ತರನ್ನೂ ಕೂರಿಸಿಕೊಂಡು ಬಂದಿದ್ದರು.

“ನಿಮಗ ಪಗಾರ ಪರೀಕ್ಷೆ ಮಾಡಾಕ ಕೊಡ್ತೇವೋ, ಕಾರ್ಖಾನಿ ಬಂದ್ ಮಾಡಾಕ ಕೊಡ್ತೇವೋ?” ಎಂದು ಅಧಿಕಾರಿಗಳು ಕೇಳಿದರು.

ನಾನು ಕುರ್ಚಿ ಬಿಟ್ಟು ಎದ್ದೆ. “ಒಂದ ತಾರೀಖು ಟೈಪ್ ಮಾಡ್ರಿ ಸಾಹೇಬ್ರ. ಮೂಡಲಗಿಯಿಂದ ಬಂದದ್ದನ್ನ, ಹಂಗ.”

ಅವರು ಒಂದೇ ಬೆರಳಿನಿಂದ ಒತ್ತಿದರು. ನಾಲ್ಕು ಉತ್ತರಗಳು ಒಂದರ ಕೆಳಗೊಂದು ಬಂದವು. ಬಾಗಿ ಓದಿದರು. ನಂಬಿಕೆಯಾಗದೆ ಇನ್ನೊಮ್ಮೆ ಒತ್ತಿದರು.

“ಒಂದು ಬಾಯಿ ಮುಚ್ಚಿಕೊಂಡ ಕುಂತೈತಿ. ಎರಡು ಮುಂದ ಓಡ್ಯಾವು. ಇದು ನಮ್ಮಪ್ಪ ಹುಟ್ಟೂದಕ್ಕ ಮೊದಲ ಹೋಗೈತಿ,” ಅಂದರು. ಗುಮಾಸ್ತರ ಕಡೆ ತಿರುಗಿದರು. “ಎಪ್ಪತ್ತ ವರ್ಷದ ಕಬ್ಬ ಕಡದ ಕಳಸಾಕತ್ತೀರಿ. ರಸ ಐತೇನ್ರಿ ಅದರಾಗ?”

“ನಾವ ಹಾಕಿದ್ದು ಮೂವತ್ತು,” ಗುಮಾಸ್ತರು ಅಂದರು. “ಎಪ್ಪತ್ತ ವರ್ಷ ಹಾಕಿದ್ದು ಇವರ ಮಷೀನು.”

ಅದು ನಿಜವಾಗಿತ್ತು.

ಮುಖ್ಯಸ್ಥರು ಹೇಳಿದರು: “ಇಪ್ಪತ್ತೆಂಟ ಅಂತ ತಿದ್ದಿಕೊಳ್ಳೂ ಹಂಗ ಮಾಡ್ತೇವಿ ಸಾಹೇಬ್ರ. ತಾನ ತಿದ್ದಿಕೊಳ್ಳತೈತಿ.”

ಅಧಿಕಾರಿಗಳು ನನ್ನನ್ನು ನೋಡಿದರು.

“ತಾನ ತಿದ್ದಿಕೊಂಡದ್ದಕ್ಕ ಇದೆಲ್ಲಾ ಆತ್ರಿ,” ಅಂದೆ. “ಇಪ್ಪತ್ತೆಂಟಕ್ಕ ಹಚ್ಚ್ಯಾರಂತ ನಮಗ ಗೊತ್ತಿಲ್ಲ. ಇಪ್ಪತ್ತಕ್ಕರ ಇರಬಹುದು. ಮಷೀನು ಏನೂ ಮಾಡಬಾರದು. ಇಲ್ಲ ಅನ್ನಬೇಕು. ಖರೆ ತಾರೀಖ ಕೇಳಬೇಕು.”

“ಇಲ್ಲ ಅನ್ನಾಕ ನಮ್ಮ ಮನ್ಯಾಗ ಮಂದಿ ಅದಾರ,” ಗುಮಾಸ್ತರು ಗೊಣಗಿದರು. “ಅದಕ್ಕ ಕಂಪ್ಯೂಟರ್ ತಗೋಬೇಕಿತ್ತೇನು?”

ಅಧಿಕಾರಿಗಳಿಗೆ ನನ್ನ ಮೇಲಾಗಲಿ ಅವರ ಮೇಲಾಗಲಿ ಪ್ರೀತಿ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮರುದಿನದ ಕಬ್ಬು. ಮೂಡಲಗಿಯ ಆ ಹೊಲಗಳನ್ನೆಲ್ಲ ಪಟ್ಟಿಯಿಂದ ತೆಗೆದು, ಹೊಲ ನೋಡಿ ಬಂದು ನಿಜವಾದ ತಾರೀಖು ಹಾಕುವವರೆಗೆ ಬೇರೆ ಇಡಿ ಎಂದರು. ಉಳಿದ ಪಟ್ಟಿ ಅಲ್ಲೇ ಮತ್ತೆ ಮುದ್ರಣವಾಯಿತು. ಹತ್ತರಗಿಯ ರೈತರ ಹೆಸರು ಮೊದಲ ಹಾಳೆಯಲ್ಲಿತ್ತು. ಸಹಿ ಹಾಕಿದೆ. ಮುಖ್ಯಸ್ಥರು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅದು ನನ್ನ ಪೆನ್ನಾಗಿತ್ತು.

ಆಮೇಲಿನ ದಿನಗಳು ಬರೀ ದುಡಿಮೆ. ಯಾವ ಭಾಷೆಯ ಲೈಬ್ರರಿಗೂ ಅಕ್ಷರದ ತಾರೀಖನ್ನು ಕೊಡಬಾರದೆಂದು ತೀರ್ಮಾನಿಸಿದೆ. ದಿನ, ತಿಂಗಳು, ನಾಲ್ಕಂಕಿಯ ವರ್ಷ ಮೂರೂ ಬೇರೆ ಬೇರೆ ಅಂಕಿಗಳಾಗಿಯೇ ಬರಬೇಕು. ತಿಂಗಳಿಗೆ ಎಷ್ಟು ದಿನ, ಅಧಿಕ ವರ್ಷ ಹೌದೋ ಅಲ್ಲವೋ ನೋಡುವ ಒಂದು ಚಿಕ್ಕ ಪರೀಕ್ಷೆಯನ್ನು ನಾಲ್ಕು ಭಾಷೆಗಳಲ್ಲೂ ಒಂದೇ ರೀತಿ ಬರೆದೆ. ಅದನ್ನು ದಾಟಿದ ಮೇಲೆ ಮಾತ್ರ ಲೈಬ್ರರಿಗೆ ಪ್ರವೇಶ. ಜಾವಾ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಸಿ ಭಾಷೆಯದ್ದೂ ಹಾಗೆಯೇ, ಮೇಲೆ ವರ್ಷವನ್ನು ಸಾವಿರದ ಒಂಬೈನೂರರಿಂದ ಈಚೆಗೆ ಎಣಿಸುತ್ತದೆ. ಅವುಗಳ ಈ ಹಟಗಳನ್ನೆಲ್ಲ ಒಂದೊಂದಾಗಿ ಹಾದು, ಕಡತದ ಪ್ರತಿ ಸಾಲಿಗೂ ನಾಲ್ಕು ಕಡೆ ಒಂದೇ ಉತ್ತರ ಅಥವಾ ಒಂದೇ ನಿರಾಕರಣೆ ಬರುವವರೆಗೆ ಬಿಡಲಿಲ್ಲ.

ಹೊಸ ಪ್ರೋಗ್ರಾಂ ಹಾಕಲು ಶಾಖೆಗಳಿಗೆ ನಾನೇ ಹೋಗಬೇಕಾಯಿತು. ಕಲ್ಲೋಳಿಯಲ್ಲಿ ಬಸ್ಸು ನಿಂತಾಗ ಕಿಟಕಿಯ ಕೆಳಗೆ ಇಬ್ಬರು ನಿಂತಿದ್ದರು. ಒಬ್ಬರು ಬೈಕಿನ ಮೇಲೆ ಕೂತೇ, “ನಮ್ಮ ಹೊಲದಾಗಿನ ಗ್ಯಾಂಗ್ ಎಬ್ಬಿಸಿದಾಕಿ ನೋಡ ಇಕಿ,” ಎಂದು ಬೆರಳು ಮಾಡಿ ತೋರಿಸಿದರು. ಇನ್ನೊಬ್ಬರು, “ಸಣ್ಣಾಕಿ ಅದಾಳಲ್ಲೋ,” ಅಂದರು. ಬಸ್ಸು ಹೊರಡುವವರೆಗೆ ನಾನು ಮುಂದಿನ ಸೀಟಿನ ಹಿಂಬದಿ ನೋಡುತ್ತಾ ಕೂತೆ. ಮೂಡಲಗಿಯಲ್ಲಿ ಗುಮಾಸ್ತರು ನನ್ನ ಎದುರೇ ಮೂವತ್ತು ಒತ್ತಿದರು. ಇಲ್ಲ ಎಂದು ಬಂತು. ಮತ್ತೆ ಒತ್ತಿದರು. ಮತ್ತೆ ಇಲ್ಲ. “ಹಟಮಾರಿ ಐತಿ,” ಅಂದರು, “ಮಾಡಿದವರಂಗ.” ಆಮೇಲೆ ಹೊಲದ ಸಿಬ್ಬಂದಿಯನ್ನು ಕೂಗಿ ಕರೆದು, “ಆ ಹೊಲದ ನಾಟಿ ಖರೇನ ಎಂದ ಮುಗೀತೋ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಕ್ಕೇರಿಯಲ್ಲಿ ಕೆಲಸ ಮುಗಿಸುತ್ತಿದ್ದಾಗ ಹತ್ತರಗಿಯ ರೈತರು ಒಳಗೆ ಬಂದರು. ಅವರ ಕಬ್ಬು ಕಡಿದಾಗಿತ್ತು, ತೂಕವೂ ಆಗಿತ್ತು. ಧೋತರಕ್ಕೆ ಕಬ್ಬಿನ ಒಣಗರಿಯ ರವದಿ ಅಂಟಿತ್ತು. ನಾನು ಎದ್ದು ನಿಂತೆ.

“ಕೂಡ್ರಿ,” ಅಂದರು. “ಕಡದ್ರು. ಮೂರ ವಾರ ತಡ. ತುದಿ ಕಡೆ ಎಲ್ಲಾ ಬೆಂಡು. ಟ್ರಾಲಿ ತುಂಬ ಕಾಣತೈತಿ, ಕಾಟಾದ ಮ್ಯಾಲ ಹಗರ ಬರತೈತಿ. ಹೋದ ತೂಕ ಯಾವ ಮಷೀನಿನ್ಯಾಗ ಹಾಕಿದ್ರ ಬರತೈತಿ ಬಾಯಾರ?”

“ಬರಂಗಿಲ್ರಿ ಕಾಕಾ.”

“ಅಷ್ಟರ ಖರೆ ಹೇಳಿದ್ರಿ.”

ಅವರು ಹೋಗಲಿಲ್ಲ. ಕಬ್ಬು ಕಡಿದ ಬುಡದಿಂದಲೇ ಕೂಳೆ ಬೆಳೆ ಬರುತ್ತದೆ, ಹೊಸದಾಗಿ ನಾಟಿ ಮಾಡುವುದಿಲ್ಲ. ಕಡಿದ ದಿನವೇ ಅದರ ಹುಟ್ಟಿದ ದಿನ. ಮುಂದಿನ ಹಂಗಾಮಿನ ಸರತಿ ಆ ತಾರೀಖಿನ ಮೇಲೆಯೇ ನಿಲ್ಲುತ್ತದೆ. ಅದನ್ನು ಬರೆಸಲು ಅವರು ಬಂದಿದ್ದರು. ಶಾಖೆಯವರು ಎದ್ದು ಬಂದರೂ ಕೈಯಿಂದ ತಡೆದರು.

“ನೀವ ಅಲ್ಲ. ಇವರ ಹಾಕ್ಲಿ.”

ನಾನು ಕೂತು ಅವರ ಹೆಸರು ತೆಗೆದೆ. ದಿನದ ಜಾಗದಲ್ಲಿ ಅಂಕಿ ಹಾಕಿದೆ. ತಿಂಗಳು ಹಾಕಿದೆ. ವರ್ಷವನ್ನು ಪೂರ್ತಿ ಹಾಕಿದೆ.

“ಓದ್ರಿ.”

“ಒಂಬತ್ತು, ಎರಡು, ಎರಡು ಸಾವಿರದ ಎರಡು.”

“ಹಂಗಲ್ಲ. ಹಂಗ ಓದಿದ್ದಕ್ಕ ಇಷ್ಟೆಲ್ಲಾ ಆಗೈತಿ. ತಿಂಗಳದ ಹೆಸರ ತಗೊಂಡ ಓದ್ರಿ.”

“ಫೆಬ್ರುವರಿ ಒಂಬತ್ತು, ಎರಡು ಸಾವಿರದ ಎರಡು.”

“ಗೋಕಾಕದಾಗೂ ಹಿಂಗ ಓದತೈತಿ?”

“ಹಿಂಗ ಓದತೈತ್ರಿ.”

“ಕಾಟಾದಾಗ?”

“ಅಲ್ಲೂ ಹಿಂಗರಿ.”

ಅವರು ಪರದೆಯ ಹತ್ತಿರ ಬಂದು, ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದರು. ಗಾಜಿನ ಮೇಲೆ ಮಣ್ಣಿನ ಗುರುತು ಉಳಿಯಿತು.

“ಬರೂ ವರ್ಷ ಇದ ತಾರೀಖ ಕೇಳಾಕ ಬರ್ತೇನಿ,” ಅಂದರು. “ನೀವ ಇರ್ರಿ.”

ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಶಾಖೆಯವರು ಪರದೆ ಒರೆಸಲು ಬಟ್ಟೆ ತಂದರು. ಇರಲಿ ಬಿಡ್ರಿ ಅಂದೆ, ಮುಂದಿನ ಸಾಲು ತೆಗೆದೆ.